ಹೊಳೆಯ ಈಜು, ಗಡಿಯಾರದ ಈಜು: ಗಗನ್ ಉಳ್ಳಾಲಮಠರ 1500 ಮೀಟರ್ ಕುರಿತ ಒಂದು ತಕರಾರು

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಈಜುಕೊಳಕ್ಕೆ ಇಳಿದವರು ಒಬ್ಬರೇ, ಕರ್ನಾಟಕದ ಗಗನ್ ಉಳ್ಳಾಲಮಠ. ಪುರುಷರ 1500 ಮೀಟರ್ ಫ್ರೀಸ್ಟೈಲ್ ಹೀಟ್ಸ್‌ನಲ್ಲಿ ಅವರ ಸಮಯ 16 ನಿಮಿಷ 31.14 ಸೆಕೆಂಡು, ಸ್ಥಾನ 31. ಚಿನ್ನ ಗೆದ್ದ ಚೀನಾದ ಸುನ್ ಯಾಂಗ್ ಫೈನಲ್‌ನಲ್ಲಿ 14 ನಿಮಿಷ 31.02 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಬರೆದರು. ಗಗನ್‌ಗಿಂತ ಹಿಂದೆ ಸಿಡ್ನಿಗೆ ಹೋದ ನಿಶಾ ಮಿಲೆಟ್, ಅಥೆನ್ಸ್‌ಗೆ ಹೋದ ಶಿಖಾ ಟಂಡನ್, ಅವರ ನಂತರ ಟೋಕಿಯೊಗೆ ಹೋದ ಶ್ರೀಹರಿ ನಟರಾಜ್, ಇವರೆಲ್ಲ ಬೆಂಗಳೂರಿನ ಕೊಳಗಳಲ್ಲಿ ಪಳಗಿದವರು. ಆದರೆ ಇವರ ಸ್ಪರ್ಧೆಗಳು ಕಡಿಮೆ ದೂರದವು. ಇಷ್ಟರವರೆಗೆ ತಕರಾರಿಲ್ಲ.

ತಕರಾರು ಇರುವುದು ಆ 31ನೇ ಸ್ಥಾನಕ್ಕೆ ಕೊಡುವ ಕಾರಣದಲ್ಲಿ. ದೂರದ ಈಜಿಗೆ ದಮ್ಮು ಬೇಕು, ದಮ್ಮಿರುವುದು ಹೊಳೆದಂಡೆಯ ಹುಡುಗರಲ್ಲಿ, ಹೊಸಪೇಟೆ–ಕಂಪ್ಲಿ ಬಿಟ್ಟು ಬೆಂಗಳೂರಿನಲ್ಲಿ ಹುಡುಕಿದ್ದೇ ತಪ್ಪು ಎಂಬ ಮಾತು ನಮ್ಮ ತುಂಗಭದ್ರೆಯ ಭಾಗದಲ್ಲಿ ಬಹಳ ದಿನದಿಂದ ಚಾಲ್ತಿಯಲ್ಲಿದೆ. ಇದನ್ನು ಬರೀ ಕಟ್ಟೆಯ ಮಾತೆಂದು ತಳ್ಳಿಹಾಕುವಂತಿಲ್ಲ. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ರೂಪಿಸಿದ ವಿಶೇಷ ಪ್ರದೇಶ ಕ್ರೀಡಾ ಯೋಜನೆ ನಿಂತದ್ದೂ ಇದೇ ತರ್ಕದ ಮೇಲೆ: ಒಂದು ಪ್ರದೇಶದ ಬದುಕಿನಲ್ಲಿ ಯಾವ ಮೈಚಳಕ ಇದೆಯೋ ಆ ಆಟದ ಪ್ರತಿಭೆಯೂ ಅಲ್ಲೇ ಸಿಗುತ್ತದೆ. ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು ಓಟಕ್ಕೆ ಆರಿಸಿದ್ದು ಹಾಗೆಯೇ. ಈಜಿನ ಮಟ್ಟಿಗೆ, ಅದರಲ್ಲೂ ತುಂಗಭದ್ರೆಯ ಮಟ್ಟಿಗೆ, ಈ ತರ್ಕ ನಿಲ್ಲುವುದಿಲ್ಲ ಎಂಬುದು ನನ್ನ ವಾದ.

ಮೊದಲು ಹಳೆಯ ಸಾಕ್ಷಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಗೆ ಹೊಳೆ ದಾಟುವ ಬಗೆಯನ್ನು ವಿವರಿಸುತ್ತಾನೆ. ಬುಟ್ಟಿಯಂತೆ ದುಂಡನೆಯ ದೋಣಿಗಳು, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹುಟ್ಟು ಹಾಕಿದರೆ ಗಿರಗಿರ ತಿರುಗುತ್ತಲೇ ಸಾಗುತ್ತವೆ. ಇಂದಿಗೂ ನಾವು ನೋಡುವ ಹರಿಗೋಲು ಇದೇ. ಈ ಭಾಗವನ್ನು ಜಲಸಾರಿಗೆಯ ದಾಖಲೆಯಾಗಿ ಓದುವುದು ವಾಡಿಕೆ. ಆದರೆ ಅಲ್ಲೇ ಇನ್ನೊಂದು ಮಾತಿದೆ: ಬೇಕಾದರೆ ಕುದುರೆ, ಎತ್ತುಗಳನ್ನೂ ಹರಿಗೋಲಿನಲ್ಲಿ ದಾಟಿಸಬಹುದು, ಆದರೆ ಹೆಚ್ಚಾಗಿ ಅವು ಈಜಿಯೇ ದಾಟುತ್ತವೆ. ಅಂದರೆ ದನ ಈಜುತ್ತದೆ, ಜನ ಕೂರುತ್ತಾರೆ. ಅದೇ ಪಾಯೆಸ್ ಕೃಷ್ಣದೇವರಾಯನ ಮುಂಜಾನೆಯ ಕಸರತ್ತನ್ನು ಒಂದೊಂದಾಗಿ ಹೇಳುತ್ತಾನೆ: ಎಳ್ಳೆಣ್ಣೆ, ಭಾರ ಎತ್ತುವುದು, ಕತ್ತಿವರಸೆ, ಕುಸ್ತಿ, ಕುದುರೆ ಸವಾರಿ. ಈಜಿನ ಸುದ್ದಿಯೇ ಇಲ್ಲ. ನೀರು ಬರುವುದು ಕೊನೆಗೆ, ಸ್ನಾನಕ್ಕೆ. ಹಂಪಿಯ ರಾಣಿಸ್ನಾನಗೃಹವನ್ನು ಈಜುಕೊಳವೆಂದು ತೋರಿಸುವ ಉತ್ಸಾಹಿಗಳೂ ಇದ್ದಾರೆ. ಸುಮಾರು 15 ಮೀಟರ್ ಚೌಕದ, ಆಳು ಮುಳುಗುವಷ್ಟೇ ಆಳದ ಆ ಹೊಂಡದಲ್ಲಿ 1500 ಮೀಟರ್ ಮುಗಿಸಲು ನೂರು ಸಲ ಗೋಡೆ ಮುಟ್ಟಬೇಕು.

ಈಗಿನ ಮಾತಿಗೆ ಬರೋಣ. ಕಂಪ್ಲಿ, ಹೊಸಪೇಟೆ ಕಡೆಯ ಮಕ್ಕಳು ಈಸು ಕಲಿಯುವುದು ಬಾವಿಯಲ್ಲಿ ಇಲ್ಲವೇ ಕಾಲುವೆಯಲ್ಲಿ, ನಡುವಿಗೆ ಬೆಂಡು ಕಟ್ಟಿಕೊಂಡು. ನದಿಯಲ್ಲಿ ಬಂಡೆ, ಸುಳಿ, ಮಡು. ಹಂಪಿಯ ಚಕ್ರತೀರ್ಥದ ಹತ್ತಿರ ಯಾವ ತಾಯಿಯೂ ಮಗನನ್ನು ಬಿಡಳು. ಕಾಲುವೆಯಲ್ಲಿ ಈಜು ಯಾವಾಗಲೂ ಹರಿವಿನ ಜೊತೆಗೆ. ಹುಡುಗ ಸೇತುವೆಯಿಂದ ಹಾರಿ, ತಲೆ ಮೇಲೆತ್ತಿಕೊಂಡು, ಅರ್ಧ ಕೈಕೆಲಸ ಅರ್ಧ ತೇಲಾಟದಲ್ಲಿ ಮುಂದಿನ ತೂಬಿನವರೆಗೆ ಹೋಗಿ, ಏರಿಯ ಮೇಲೆ ನಡೆದು ವಾಪಸು ಬರುತ್ತಾನೆ. ಇದರಲ್ಲಿ ಧೈರ್ಯ ಇದೆ, ನೀರಿನ ಸಲುಗೆ ಇದೆ. ಆದರೆ ಎಷ್ಟು ದೂರ ತನ್ನ ಬಲದಿಂದ, ಎಷ್ಟು ದೂರ ನೀರಿನ ಬಲದಿಂದ ಎಂಬ ಲೆಕ್ಕ ಅವನಿಗೂ ಸಿಗದು. ಮೇಲಾಗಿ ಬೇಸಿಗೆಯಲ್ಲಿ ಕಾಲುವೆ ಬಂದ್. 1953ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯವನ್ನು ಕಟ್ಟಿದ್ದು ಗದ್ದೆಗೆ. ಅದರ ಕ್ಯಾಲೆಂಡರ್ ಬೆಳೆಯ ಕ್ಯಾಲೆಂಡರ್.

ಇದರ ಎದುರಿಗೆ ಗಗನ್ ಈಜಿದ 1500 ಮೀಟರನ್ನು ಇಡಿ. 50 ಮೀಟರ್ ಕೊಳದಲ್ಲಿ 30 ಉದ್ದ, 29 ಟರ್ನ್. ಒಂದು ಉದ್ದಕ್ಕೆ ಗಗನ್‌ಗೆ ಸರಾಸರಿ 33.04 ಸೆಕೆಂಡು ಹಿಡಿದರೆ, ಸುನ್ ಯಾಂಗ್‌ಗೆ ಹಿಡಿದದ್ದು 29.03. ಸುನ್ ಗೋಡೆ ಮುಟ್ಟುವ ಹೊತ್ತಿಗೆ ಗಗನ್ ಇದೇ ಸರಾಸರಿಯಲ್ಲಿ 1318 ಮೀಟರ್‌ನ ಆಸುಪಾಸಿನಲ್ಲಿರುತ್ತಾರೆ. ಒಂದು ಹೀಟ್ಸ್, ಇನ್ನೊಂದು ಫೈನಲ್. ಹೋಲಿಕೆ ಪೂರ್ತಿ ನ್ಯಾಯದ್ದಲ್ಲ. ಆದರೂ ಪ್ರಶ್ನೆ ಸ್ಪಷ್ಟವಾಗುತ್ತದೆ: ಪ್ರತಿ ಉದ್ದಕ್ಕೆ ನಾಲ್ಕು ಸೆಕೆಂಡು ಎಲ್ಲಿಂದ ತರುವುದು? ಗೋಡೆಗೆ ಮುನ್ನ ಮಗುಚಿ ಕಾಲಿನಿಂದ ಒದೆಯುವ ಚಳಕ, ನೀರೊಳಗಿನ ಜಾರು, ಒಂದೇ ಲಯದ ಕೈಬೀಸು, ಇವು ಗೋಡೆಯಿಲ್ಲದ, ಗಡಿಯಾರವಿಲ್ಲದ, ವರ್ಷದಲ್ಲಿ ಕೆಲವು ತಿಂಗಳು ಬತ್ತುವ ನೀರಿನಲ್ಲಿ ಬರುವಂಥವಲ್ಲ. ಹೀಗಾಗಿ, ಗಗನ್‌ಗೆ ಕಡಿಮೆ ಬಿದ್ದದ್ದು ಹೊಳೆಯಲ್ಲ, ಕೊಳವೇ ಎಂದು ನಾನು ಹೇಳುತ್ತೇನೆ.

ಇದು ದೊಡ್ಡ ಮಾತು. ಮಿತಿ ಹಾಕಿಯೇ ಆಡಬೇಕು. ಪಾಯೆಸ್ ಪರದೇಶದವನು, ಅರಮನೆಯ ಕಡೆ ಮುಖ ಮಾಡಿದವನು. ಅಂಬಿಗರು, ಬೆಸ್ತರು ಹೇಗೆ ಈಜುತ್ತಿದ್ದರೆಂದು ಅವನು ಬರೆಯದೆ ಹೋದದ್ದು ಅವರು ಈಜುತ್ತಿರಲಿಲ್ಲ ಎಂಬುದಕ್ಕೆ ಪುರಾವೆಯಲ್ಲ. ಟ್ಯುನೀಸಿಯಾದ ಉಸಾಮಾ ಮೆಲ್ಲೂಲಿಯನ್ನೂ ನನ್ನ ವಿರುದ್ಧ ಎತ್ತಬಹುದು. ಅದೇ ಲಂಡನ್‌ನಲ್ಲಿ ಅವರು 1500 ಮೀಟರ್‌ನಲ್ಲಿ ಕಂಚು, ಹೈಡ್ ಪಾರ್ಕಿನ ಕೆರೆಯಲ್ಲಿ ನಡೆದ 10 ಕಿಲೋಮೀಟರ್‌ನಲ್ಲಿ ಚಿನ್ನ ಗೆದ್ದರು. ಬಯಲು ನೀರಿಗೂ ಕೊಳಕ್ಕೂ ನಂಟಿದೆ, ನಿಜ. ಆದರೆ ಮೆಲ್ಲೂಲಿ ತಯಾರಾದದ್ದು ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದ ಕೊಳದಲ್ಲಿ. ಕೊಳದಿಂದ ಕೆರೆಗೆ ಹೋದವರು, ಕೆರೆಯಿಂದ ಕೊಳಕ್ಕೆ ಬಂದವರಲ್ಲ. ಗಗನ್ ನಂತರ 1500 ಮೀಟರ್‌ನ ಭಾರತೀಯ ದಾಖಲೆಯನ್ನು ಮುರಿದ ಗುಜರಾತಿನ ಆರ್ಯನ್ ನೆಹ್ರಾ ಸಹ ಅಮೆರಿಕದ ಫ್ಲಾರಿಡಾದಲ್ಲಿ ಪಳಗಿದವರು.

ಪ್ರದೇಶಕ್ಕಿಂತ ಸೌಕರ್ಯ ಮುಖ್ಯ ಎಂಬುದಕ್ಕೆ ನಮ್ಮ ಮಗ್ಗುಲಲ್ಲೇ ಒಂದು ಉದಾಹರಣೆಯಿದೆ. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಶುರುವಾಯಿತು; ಹರಿಯಾಣದ ಜಾವೆಲಿನ್ ಎಸೆತಗಾರ ನೀರಜ್ ಚೋಪ್ರಾ ಅಲ್ಲಿ ತರಬೇತಿ ಪಡೆದರು. ಅದಿರಿನ ಕೆಂಪು ಧೂಳಿನ ಈ ಸೀಮೆಗೂ ಜಾವೆಲಿನ್‌ಗೂ ಯಾವ ಜನ್ಮದ ನಂಟೂ ಇರಲಿಲ್ಲ. ಅಲ್ಲಿ ಕೆಲಸ ಮಾಡಿದ್ದು ಸೌಕರ್ಯ, ತಜ್ಞರು, ಶಿಸ್ತು.

ಎರಡು ವಿಷಯ ಬಾಕಿ ಉಳಿದಿವೆ. ನಾನು ಕೊಟ್ಟದ್ದು ಸರಾಸರಿ. ಗಗನ್‌ರ ಆ ಈಜಿನ 50 ಮೀಟರ್‌ಗಳ ಸಮಯವನ್ನು ಬಿಡಿಬಿಡಿಯಾಗಿ ನೋಡಿದರೆ ವೇಗ ಮೊದಲಿನಿಂದಲೇ ಕಡಿಮೆಯಿತ್ತೋ ಸಾವಿರದ ನಂತರ ಕುಸಿಯಿತೋ ತಿಳಿಯುತ್ತದೆ. ಕುಸಿದಿದ್ದರೆ, ದಮ್ಮಿನ ವಾದಕ್ಕೆ ಮತ್ತೆ ಜೀವ ಬರುತ್ತದೆ. ಇನ್ನೊಂದು, ಕಂಪ್ಲಿಯ ಹುಡುಗ–ಹುಡುಗಿಯರನ್ನು ನಿಂತ ನೀರಿಗೆ ಇಳಿಸಿ, ಬೆಂಗಳೂರಿನ ಅದೇ ವಯಸ್ಸಿನವರ ಜೊತೆ 400 ಮೀಟರ್ ಈಜಿಸಿ ಗಡಿಯಾರ ಹಿಡಿಯುವುದು. ಅದಾಗುವವರೆಗೆ ನನ್ನ ವಾದವನ್ನು ಅಷ್ಟರಮಟ್ಟಿಗೇ ಒಪ್ಪಬೇಕು.