ವೇದನೆಯ ಅರಿವು: ಬ್ರಹ್ಮದೇಶದ ಒಂದು ಸಾಧನಮಾರ್ಗದ ಚರಿತ್ರೆ

ಕನ್ನಡದಲ್ಲಿ ಅಸೂಯೆಗೆ ಹೊಟ್ಟೆಕಿಚ್ಚೆಂದು ಹೆಸರು. ಕೋಪಗೊಂಡವನಿಗೆ ಮೈ ಉರಿಯುವುದು. ಭಯಗೊಂಡವನ ಎದೆ ಝಲ್ಲೆನ್ನುವುದು. ಕನಿಕರ ಹುಟ್ಟಿದಾಗ ಕರುಳು ಚುರ್ರೆನ್ನುವುದು. ಚಿತ್ತದ ವಿಕಾರಗಳೆಲ್ಲವೂ ದೇಹದಲ್ಲಿ ತಮ್ಮ ಗುರುತನ್ನು ಮೂಡಿಸುವುವೆಂಬ ತಿಳಿವಳಿಕೆಯು ಈ ಆಡುಮಾತುಗಳಲ್ಲಿಯೇ ಅಡಗಿದೆ. ಆದರೆ ಮೈ ಉರಿಯುತ್ತಿದೆಯೆಂದು ಹೇಳುವವನು ಆ ಉರಿಯನ್ನು ನೋಡುವುದಿಲ್ಲ. ಉರಿಗೆ ಕಾರಣನಾದವನನ್ನು ನೋಡುತ್ತಾನೆ. ಅವನ ಕಣ್ಣು ಶತ್ರುವಿನ ಮೇಲೆ, ನಾಲಿಗೆ ಪ್ರತ್ಯುತ್ತರದ ಮೇಲೆ. ಆ ದೃಷ್ಟಿಯನ್ನೇ ಒಳಕ್ಕೆ ತಿರುಗಿಸಿ, ಉರಿ ಎಲ್ಲಿ ಹುಟ್ಟಿತು, ಎಷ್ಟು ಹೊತ್ತು ನಿಂತಿತು, ಹೇಗೆ ಆರಿತು ಎಂಬುದನ್ನು ಮಾತ್ರ ಗಮನಿಸುತ್ತ ಕುಳಿತರೆ ಕೋಪದ ಗತಿ ಏನಾದೀತು?

ಪ್ರಶ್ನೆಯು ಸಣ್ಣದೆಂದು ತೋರಬಹುದು. ಆದರೆ ನಮ್ಮ ನೆರೆಯ ಬ್ರಹ್ಮದೇಶದಲ್ಲಿ ಇದನ್ನೇ ಒಂದು ಶಿಸ್ತಾಗಿ ಬೆಳೆಸಿ, ವಿಹಾರದ ಗೋಡೆಗಳೊಳಗಿದ್ದುದನ್ನು ರೈತನ ಮನೆಗೂ ಸರ್ಕಾರಿ ಕಚೇರಿಗೂ ತಂದ ಕಥೆಯು ಏಷ್ಯಾಖಂಡದ ಇತ್ತೀಚಿನ ಚರಿತ್ರೆಯಲ್ಲಿ ಗಮನಾರ್ಹವಾದ ಒಂದು ಅಧ್ಯಾಯವಾಗಿದೆ.

ಈ ಮಾರ್ಗದ ಮೂಲವು ಪಾಳಿಭಾಷೆಯ ಸತಿಪಟ್ಠಾನಸುತ್ತವು. ಭಗವಾನ್ ಬುದ್ಧನು ಕುರುದೇಶದ ಕಮ್ಮಾಸಧಮ್ಮವೆಂಬ ಊರಿನಲ್ಲಿ ಇದನ್ನು ಉಪದೇಶಿಸಿದನೆಂದು ಗ್ರಂಥವು ಹೇಳುವುದು. ಕಾಯ, ವೇದನೆ, ಚಿತ್ತ, ಧರ್ಮ ಎಂಬ ನಾಲ್ಕು ನೆಲೆಗಳಲ್ಲಿ ಸ್ಮೃತಿಯನ್ನು ಎಚ್ಚರದಿಂದ ನಿಲ್ಲಿಸಬೇಕೆಂಬುದು ಅದರ ಸಾರ. ಇಲ್ಲಿ 'ವೇದನೆ' ಎಂಬ ಶಬ್ದವನ್ನು ಕುರಿತು ಎರಡು ಮಾತು ಅವಶ್ಯಕ. ಕನ್ನಡದಲ್ಲಿ ವೇದನೆಯೆಂದರೆ ನೋವು. ಪಾಳಿಯಲ್ಲಿ ಹಾಗಲ್ಲ; ಸುಖವಾದುದು, ದುಃಖವಾದುದು, ಇವೆರಡೂ ಅಲ್ಲದುದು ಎಂದು ಮೂರು ಬಗೆಯ ಅನುಭವಕ್ಕೂ ಅದೇ ಹೆಸರು. ಬಿಸಿ, ತಂಪು, ತುರಿಕೆ, ಭಾರ, ನಡುಕ, ಮಿಡಿತ ಎಲ್ಲವೂ ವೇದನೆಯೊಡನೆ ಬರುವುವು.

ಪ್ರತೀತ್ಯಸಮುತ್ಪಾದವೆಂಬ ಕಾರಣಸರಣಿಯಲ್ಲಿ ಸ್ಪರ್ಶದಿಂದ ವೇದನೆಯೂ, ವೇದನೆಯಿಂದ ತೃಷ್ಣೆಯೂ ಹುಟ್ಟುವುವೆಂದು ಹೇಳಿದೆ. ಸುಖವಾದುದು ಬೇಕು, ದುಃಖವಾದುದು ಬೇಡ ಎಂಬ ಹಂಬಲವೇ ತೃಷ್ಣೆ. ವೇದನೆಯು ಹುಟ್ಟುವುದನ್ನು ಯಾರೂ ತಡೆಯಲಾರರು. ಆದರೆ ಅದು ತೃಷ್ಣೆಯಾಗಿ ಮಾರ್ಪಡುವ ಎಡೆಯಲ್ಲಿ ಎಚ್ಚರವಿದ್ದರೆ ಸರಣಿಯು ಅಲ್ಲಿಯೇ ಕಡಿಯಬಲ್ಲುದು. ಸಂಯುತ್ತನಿಕಾಯದ ಒಂದು ಸುತ್ತವು ಇದನ್ನೇ ಬಾಣದ ಉಪಮೆಯಿಂದ ತಿಳಿಸುವುದು. ದೇಹಕ್ಕೆ ತಗುಲುವ ನೋವು ಮೊದಲನೆಯ ಬಾಣ. ಅದಕ್ಕಾಗಿ ಗೋಳಾಡುವ ಚಿತ್ತದ ಕಳವಳ ಎರಡನೆಯದು. ತಿಳಿಯದವನಿಗೆ ಎರಡೂ ನಾಟುವುವು, ತಿಳಿದವನಿಗೆ ಒಂದೇ.

ಕ್ರಿ. ಶ. ಐದನೆಯ ಶತಮಾನದಲ್ಲಿ ಬುದ್ಧಘೋಷಾಚಾರ್ಯನು ಸಿಂಹಳದ ಅನುರಾಧಪುರದಲ್ಲಿ ರಚಿಸಿದ ವಿಸುದ್ಧಿಮಗ್ಗವು ಧ್ಯಾನಕ್ಕೆ ನಲವತ್ತು ಕರ್ಮಸ್ಥಾನಗಳನ್ನು ವಿವರಿಸಿತು. ಶಾಸ್ತ್ರವು ಹೀಗೆ ಪರಿಪೂರ್ಣವಾಗಿದ್ದಿತು. ಆಚರಣೆಯಾದರೋ ಕಾಲಕ್ರಮದಲ್ಲಿ ಹಿಂದೆ ಸರಿಯಿತು. ಧ್ಯಾನವು ಕಾಡಿನಲ್ಲಿರುವ ಕೆಲವು ಭಿಕ್ಷುಗಳಿಗೆ ತಕ್ಕುದು, ಈ ಕಾಲದಲ್ಲಿ ಸಿದ್ಧಿಯು ದುರ್ಲಭ ಎಂಬ ನಂಬಿಕೆಯು ಬೌದ್ಧ ದೇಶಗಳಲ್ಲಿ ಬಹುಮಟ್ಟಿಗೆ ಹಬ್ಬಿತ್ತು. ಭಿಕ್ಷುಗಳಿಗೆ ಅಧ್ಯಯನ, ಗೃಹಸ್ಥರಿಗೆ ದಾನಶೀಲಗಳು ಎಂಬ ವಿಭಾಗವೇ ಲೋಕರೂಢಿಯಾಗಿದ್ದಿತು.

ಈ ರೂಢಿಯನ್ನು ಮುರಿದುದು ಯಾವ ತಾತ್ತ್ವಿಕ ವಾದವೂ ಅಲ್ಲ. ಒಂದು ರಾಜ್ಯದ ಪತನ. 1824 ಮತ್ತು 1852ರಲ್ಲಿ ಮೊದಲಾದ ಎರಡು ಯುದ್ಧಗಳಲ್ಲಿ ಇಂಗ್ಲಿಷರು ಬ್ರಹ್ಮದೇಶದ ಕರಾವಳಿಯನ್ನೆಲ್ಲ ವಶಪಡಿಸಿಕೊಂಡಿದ್ದರು. ಉಳಿದ ನಾಡನ್ನು 1853ರಿಂದ ಆಳಿದ ಮಿಂಡನ್ ಅರಸನು ಮಾಂಡಲೆಯನ್ನು ಕಟ್ಟಿಸಿ, ತ್ರಿಪಿಟಕವನ್ನೆಲ್ಲ 729 ಅಮೃತಶಿಲೆಯ ಹಲಗೆಗಳ ಮೇಲೆ ಕೆತ್ತಿಸಿದನು. 1871ರಲ್ಲಿ ಐದನೆಯ ಸಂಗೀತಿಯನ್ನು ನೆರವೇರಿಸಿದನು. ಕೈಬಿಟ್ಟುಹೋದ ನೆಲಕ್ಕೆ ಬದಲಾಗಿ ಧರ್ಮವನ್ನಾದರೂ ಕಲ್ಲಿನಲ್ಲಿ ಉಳಿಸುವ ಪ್ರಯತ್ನವಿದು. ಆದರೆ 1885ರ ಮೂರನೆಯ ಯುದ್ಧದಲ್ಲಿ ಮಾಂಡಲೆಯೂ ಬಿದ್ದಿತು. ಮಿಂಡನನ ಮಗನಾದ ಥೀಬಾ ಅರಸನು ನಮ್ಮ ಪಶ್ಚಿಮ ಕರಾವಳಿಯ ರತ್ನಗಿರಿಗೆ ಗಡೀಪಾರಾಗಿ, 1916ರಲ್ಲಿ ಅಲ್ಲಿಯೇ ತೀರಿಕೊಂಡನು. ಅವನ ರಾಜಧಾನಿಯ ಸೆರೆಮನೆಯಲ್ಲಿಯೇ ಲೋಕಮಾನ್ಯ ತಿಲಕರು 1908ರಿಂದ 1914ರವರೆಗೆ ಇದ್ದು ಗೀತಾರಹಸ್ಯವನ್ನು ಬರೆದುದು ವಾಚಕರಿಗೆ ತಿಳಿದೇ ಇದೆ.

ಬರ್ಮೀಯರ ಭಾವನೆಯಲ್ಲಿ ಬುದ್ಧಶಾಸನಕ್ಕೆ ರಾಜನೇ ರಕ್ಷಕನು. ರಾಜನಿಲ್ಲದ ಮೇಲೆ ಶಾಸನವನ್ನು ಕಾಯುವರಾರು? ಈ ಪ್ರಶ್ನೆಗೆ ದೊರೆತ ಉತ್ತರಗಳಲ್ಲಿ ದೂರಗಾಮಿಯಾದುದು ಲೆಡಿ ಸಯಾಡೊ ಅವರದು. 1846ರಲ್ಲಿ ಶ್ವೆಬೊ ಸೀಮೆಯ ಒಂದು ಹಳ್ಳಿಯಲ್ಲಿ ಹುಟ್ಟಿದ ಇವರು ಮಾಂಡಲೆಯಲ್ಲಿ ಶಾಸ್ತ್ರಾಭ್ಯಾಸ ಮಾಡಿ, ಅನಂತರ ಮೊನ್ಯುವಾ ಪಟ್ಟಣದ ಬಳಿಯ ಲೆಡಿ ಎಂಬ ಕಾಡಿನಲ್ಲಿ ವಿಹಾರವನ್ನು ಕಟ್ಟಿಕೊಂಡರು. ಸಯಾಡೊ ಎಂದರೆ ಪೂಜ್ಯ ಗುರು. ಆ ಕಾಡಿನಿಂದಲೇ ಅವರಿಗೆ ಆ ಹೆಸರು. ಶಾಸನವು ಜನರ ಕೈಯಲ್ಲಿಯೇ ಉಳಿಯಬೇಕಾಗಿದೆಯೆಂದು ಅವರು ಮನಗಂಡರು. ಅಭಿಧರ್ಮದಂತಹ ಕಠಿನಶಾಸ್ತ್ರವನ್ನು ಬರ್ಮೀ ಭಾಷೆಯಲ್ಲಿ ಸುಲಭಪದ್ಯಗಳಾಗಿ ರಚಿಸಿದರು. ಊರೂರು ತಿರುಗಿ ಉಪನ್ಯಾಸ ಮಾಡಿದರು. ಗೃಹಸ್ಥರು ಸೇರಿ ಓದುವ ಸಂಘಗಳನ್ನು ಸ್ಥಾಪಿಸಿದರು. ಆಗ ತಾನೇ ಹರಡಿದ್ದ ಮುದ್ರಣಯಂತ್ರವು ಅವರ ಕಿರುಹೊತ್ತಗೆಗಳನ್ನು ಮನೆಮನೆಗೆ ಮುಟ್ಟಿಸಿತು.

ಇದಕ್ಕಿಂತಲೂ ಮುಖ್ಯವಾದುದು ಧ್ಯಾನವನ್ನು ಕುರಿತ ಅವರ ನಿಲುವು. ಸಮಾಧಿಯ ಉನ್ನತ ಭೂಮಿಕೆಗಳನ್ನೆಲ್ಲ ಏರಿದ ಮೇಲೆಯೇ ವಿಪಶ್ಯನೆಗೆ ತೊಡಗಬೇಕೆಂಬ ನಿರ್ಬಂಧವಿಲ್ಲ. ಕೊಂಚ ಏಕಾಗ್ರತೆಯುಳ್ಳ ಗೃಹಸ್ಥನೂ ತನ್ನ ದೇಹದಲ್ಲಿ ಕ್ಷಣಕ್ಷಣಕ್ಕೂ ಆಗುವ ಉದಯವ್ಯಯಗಳನ್ನು ನೋಡತೊಡಗಬಹುದು ಎಂದು ಅವರು ಶಾಸ್ತ್ರಾಧಾರದಿಂದಲೇ ಸಾಧಿಸಿದರು. 1911ರಲ್ಲಿ ಸರ್ಕಾರವು ಅವರಿಗೆ ಅಗ್ಗಮಹಾಪಂಡಿತ ಎಂಬ ಬಿರುದನ್ನಿತ್ತಿತು. ಕೊನೆಗಾಲದಲ್ಲಿ ಕಣ್ಣು ಕಳೆದುಕೊಂಡಿದ್ದ ಅವರು 1923ರಲ್ಲಿ ದಿವಂಗತರಾದರು.

ಲೆಡಿಯವರ ಮಾತು ಗ್ರಂಥದಲ್ಲಿಯೇ ಉಳಿಯಲಿಲ್ಲವೆಂಬುದಕ್ಕೆ ಅವರ ಶಿಷ್ಯನೊಬ್ಬನ ಜೀವನವೇ ಸಾಕ್ಷಿ. ರಂಗೂನಿನ ಹೊಳೆಯಾಚೆಯ ಪ್ಯಾವ್‌ಬ್ವೆಜಿ ಹಳ್ಳಿಯಲ್ಲಿ 1873ರಲ್ಲಿ ಹುಟ್ಟಿದ ಸಯಾ ಥೆಟ್‌ಜಿಯು ಭಿಕ್ಷುವಲ್ಲ, ಭತ್ತ ಬೆಳೆಯುವ ರೈತ. ಊರಿಗೆ ವಾಂತಿಭೇದಿಯ ಮಾರಿ ಹೊಕ್ಕು ಅವನ ಮಕ್ಕಳನ್ನೂ ಬಂಧುಗಳನ್ನೂ ಕೊಂಡೊಯ್ದಾಗ ಆ ಶೋಕವನ್ನು ಯಾವ ದಾನಧರ್ಮವೂ ಆರಿಸಲಾರದೆ ಹೋಯಿತು. ಹೆಂಡತಿಯ ಒಪ್ಪಿಗೆ ಪಡೆದು ಮನೆ ಬಿಟ್ಟು ಅಲೆದನು; ಕೊನೆಗೆ ಲೆಡಿಯವರಲ್ಲಿ ಸಾಧನೆ ಕಲಿತನು. ವರ್ಷಗಳ ಮೇಲೆ ಹಿಂದಿರುಗಿ ತನ್ನ ಹೊಲದ ಬಳಿಯ ಮಂಟಪದಲ್ಲಿ ಕುಳಿತು, ಮೊದಲು ಊರವರಿಗೆ, ಅನಂತರ ರಂಗೂನಿನ ವಿದ್ಯಾವಂತರಿಗೆ ಅದನ್ನು ಕಲಿಸಿದನು. ಶಾಸ್ತ್ರದ ಒಂದು ತತ್ತ್ವವು ಶೋಕತಪ್ತನಾದ ಗೃಹಸ್ಥನ ಬಾಳಿನಲ್ಲಿ ಪರೀಕ್ಷೆಗೆ ನಿಂತುದು ಹೀಗೆ.

ಅವನ ಬಳಿಗೆ 1937ರ ಜನವರಿಯಲ್ಲಿ ರಂಗೂನಿನಿಂದ ಒಬ್ಬ ಲೆಕ್ಕಪತ್ರದ ಅಧಿಕಾರಿ ಬಂದನು. ಹೆಸರು ಊ ಬ ಖಿನ್, 1899ರಲ್ಲಿ ಹುಟ್ಟಿದವನು, ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ ಸ್ವಸಾಮರ್ಥ್ಯದಿಂದ ಮೇಲಕ್ಕೆ ಬಂದವನು. ರೈಲ್ವೆಯ ಲೆಕ್ಕಗಳ ಅಧಿಕಾರಿಯಾಗಿ 1941ರಲ್ಲಿ ಮಾಂಡಲೆಯ ದಕ್ಷಿಣದ ಚಾವ್‌ಸೆಗೆ ಹೋಗಿದ್ದಾಗ, ಅಲ್ಲಿದ್ದ ವೆಬು ಸಯಾಡೊ ಎಂಬ ತಪಸ್ವಿಯು ನೀನೂ ಕಲಿಸಬೇಕೆಂದು ಅವನಿಗೆ ಹೇಳಿದರು. ಬ್ರಹ್ಮದೇಶವು ಸ್ವತಂತ್ರವಾದ 1948ರ ಜನವರಿ 4ರಂದೇ ಅವನು ಅಕೌಂಟೆಂಟ್ ಜನರಲ್ ಪದವಿಗೆ ಏರಿದನು. ಹೊಸ ಸರ್ಕಾರದ ಲೆಕ್ಕಗಳನ್ನು ತಪಾಸಣೆ ಮಾಡುತ್ತಿದ್ದ ಆ ಕಚೇರಿಯ ಒಂದು ಕೊಠಡಿಯು ಧ್ಯಾನಕ್ಕೆ ಮೀಸಲಾಯಿತು. ಗುಮಾಸ್ತರು ಅಲ್ಲಿ ಕಣ್ಣುಮುಚ್ಚಿ ಕುಳಿತರು. 1952ರಲ್ಲಿ ರಂಗೂನಿನಲ್ಲಿ ಅಂತರರಾಷ್ಟ್ರೀಯ ಧ್ಯಾನಕೇಂದ್ರವೂ ಸ್ಥಾಪಿತವಾಯಿತು.

ಅಲ್ಲಿ ಕಲಿಸುತ್ತಿದ್ದುದು ಸರಳವಾದ ಕ್ರಮ. ಸಾಧಕನು ಹತ್ತು ದಿನ ಶೀಲವನ್ನೂ ಮೌನವನ್ನೂ ಪಾಲಿಸಬೇಕು. ಮೊದಲ ಕೆಲವು ದಿನ ಮೂಗಿನ ಹೊಳ್ಳೆಯ ಕೆಳಗೆ, ಮೇಲ್ತುಟಿಯ ಮೇಲೆ, ಉಸಿರು ತಾಕುವ ಅಂಗೈ ಅಗಲವೂ ಇಲ್ಲದ ಒಂದು ನೆಲೆಯಲ್ಲಿ ಗಮನವನ್ನು ನಿಲ್ಲಿಸಬೇಕು. ಉಸಿರನ್ನು ಹಿಡಿಯುವುದಿಲ್ಲ, ದೀರ್ಘಗೊಳಿಸುವುದೂ ಇಲ್ಲ; ಬಂದುದನ್ನು ಬಂದಂತೆ, ಹೋದುದನ್ನು ಹೋದಂತೆ ತಿಳಿಯುವುದಷ್ಟೆ. ಹೀಗೆ ಹರಿತವಾದ ಗಮನವನ್ನು ಅನಂತರ ನೆತ್ತಿಯಿಂದ ಪಾದದವರೆಗೆ ಅಂಗಾಂಗವಾಗಿ ನಡೆಸಬೇಕು. ಮೊಳಕಾಲು ನೋಯಬಹುದು, ಬೆನ್ನು ಬೆವರಬಹುದು, ಎದೆ ಭಾರವಾಗಬಹುದು. ಎಲ್ಲಕ್ಕೂ ಉತ್ತರ ಒಂದೇ: ಇದು ಅನಿತ್ಯ, ಹುಟ್ಟಿದೆ, ಅಳಿಯುವುದು. ನೋವನ್ನು ತಳ್ಳುವುದಿಲ್ಲ, ಹಿತವನ್ನು ಅಪ್ಪುವುದಿಲ್ಲ. ಕೋಪವು ಬಂದಾಗಲೂ ಅದರ ಕಾರಣವನ್ನು ವಿಚಾರಿಸದೆ, ಕೋಪದೊಡನೆ ಬಂದ ಕಾವನ್ನೂ ಮಿಡಿತವನ್ನೂ ನೋಡಬೇಕು. ವಿಕಾರವು ತನಗೆ ಬೇಕಾದ ಯೋಚನೆಯ ಇಂಧನವಿಲ್ಲದೆ ತಾನಾಗಿ ಕುಗ್ಗುವುದೆಂಬುದು ಇವರ ಅನುಭವ.

ಇದೇ ಕಾಲದಲ್ಲಿ ಮಹಾಸಿ ಸಯಾಡೊ ಅವರು, ಪ್ರಧಾನಿ ಊ ನು ಮೊದಲಾದವರ ಆಹ್ವಾನದಂತೆ 1949ರಲ್ಲಿ ರಂಗೂನಿಗೆ ಬಂದು, ಬೇರೊಂದು ಕ್ರಮವನ್ನು ಪ್ರಚಾರಗೊಳಿಸಿದರು. ಅದರಲ್ಲಿ ಹೊಟ್ಟೆಯ ಏರಿಳಿತವೇ ಗಮನದ ನೆಲೆ. ಉದಿಸಿದ ಪ್ರತಿಯೊಂದು ಅನುಭವಕ್ಕೂ ಮನಸ್ಸಿನಲ್ಲಿಯೇ ಹೆಸರಿಟ್ಟು ಗುರುತಿಸಬೇಕು. ಕ್ರಮಗಳು ಬೇರೆಯಾದರೂ ಉದ್ದೇಶ ಒಂದೇ.

ಊ ಬ ಖಿನ್ನನ ಶಿಷ್ಯರಲ್ಲಿ ಸತ್ಯನಾರಾಯಣ ಗೋಯಂಕಾ ಎಂಬವರು ಪ್ರಸಿದ್ಧರು. 1924ರಲ್ಲಿ ಮಾಂಡಲೆಯ ಮಾರವಾಡಿ ಕುಟುಂಬದಲ್ಲಿ ಹುಟ್ಟಿ, ದೊಡ್ಡ ಉದ್ಯಮಿಯಾಗಿದ್ದ ಇವರನ್ನು ತೀವ್ರವಾದ ಅರೆತಲೆನೋವು ಕಾಡುತ್ತಿದ್ದಿತು. ಮಾರ್ಫಿಯಾ ಇಲ್ಲದೆ ಅದು ಇಳಿಯುತ್ತಿರಲಿಲ್ಲ. 1955ರಲ್ಲಿ ಊ ಬ ಖಿನ್ನನ ಬಳಿಗೆ ಹೋದಾಗ, ತಲೆನೋವಿನ ಚಿಕಿತ್ಸೆಗಾಗಿ ಧರ್ಮವನ್ನು ಅಗ್ಗಮಾಡಲಾಗದು, ಚಿತ್ತಶುದ್ಧಿಗಾಗಿ ಬರುವುದಾದರೆ ಬರಬಹುದು ಎಂಬ ಉತ್ತರ ದೊರೆತುದನ್ನು ಅವರೇ ಮುಂದೆ ಹೇಳುತ್ತಿದ್ದರು. 1962ರಲ್ಲಿ ಸೈನ್ಯವು ಅಧಿಕಾರವನ್ನು ಹಿಡಿದ ಮೇಲೆ ಉದ್ಯಮಗಳೆಲ್ಲ ಸರ್ಕಾರದ ವಶವಾದುವು. 1969ರಲ್ಲಿ ಗೋಯಂಕಾ ಭಾರತಕ್ಕೆ ಬಂದು ಮುಂಬಯಿಯಲ್ಲಿ ಹದಿನಾಲ್ಕು ಜನರಿಗೆ ಮೊದಲ ಶಿಬಿರವನ್ನು ನಡೆಸಿದರು. 1976ರಲ್ಲಿ ನಾಸಿಕದ ಸಮೀಪದ ಇಗತಪುರಿಯಲ್ಲಿ ಕೇಂದ್ರವು ಆರಂಭವಾಯಿತು. 1994ರಲ್ಲಿ ದೆಹಲಿಯ ತಿಹಾರ್ ಸೆರೆಮನೆಯಲ್ಲಿ ಸುಮಾರು ಸಾವಿರ ಬಂದಿಗಳು ಒಟ್ಟಾಗಿ ಈ ಸಾಧನೆಗೆ ಕುಳಿತರು. ಭರತಖಂಡದಿಂದ ಹೋದ ವಿದ್ಯೆಯು ಹೀಗೆ ತವರಿಗೆ ಮರಳಿತು. ಗೋಯಂಕಾ 2013ರಲ್ಲಿ ಕಾಲವಾದರು.

ಪಶ್ಚಿಮದೇಶಗಳಲ್ಲಿಯೂ ಇದೇ ವಿಷಯವು ಬೇರೆ ದಾರಿಯಿಂದ ವಿಚಾರಕ್ಕೆ ಬಂದಿತ್ತು. ಲೆಡಿಯವರು ತಮ್ಮ ಕಾರ್ಯಕ್ಕೆ ತೊಡಗಿದ್ದ ಕಾಲದಲ್ಲಿಯೇ, 1884ರಲ್ಲಿ, ಅಮೆರಿಕದ ವಿಲಿಯಂ ಜೇಮ್ಸ್ ಪಂಡಿತನು ದೇಹದ ವಿಕಾರಗಳ ಅರಿವೇ ಭಾವವೆಂದು ವಾದಿಸಿದನು. ಮರುವರ್ಷ ಡೆನ್ಮಾರ್ಕಿನ ಲಾಂಗೆ ಎಂಬ ವೈದ್ಯನೂ ಅಂತಹುದೇ ಮತವನ್ನು ಪ್ರಕಟಿಸಿದನು. 1927ರಲ್ಲಿ ವಾಲ್ಟರ್ ಕ್ಯಾನನ್ ಇದನ್ನು ಖಂಡಿಸಿ, ಒಳಾಂಗಗಳ ವಿಕಾರಗಳು ಬೇರೆ ಬೇರೆ ಭಾವಗಳಲ್ಲಿ ಒಂದೇ ಬಗೆಯವು, ಮೇಲಾಗಿ ಮಂದಗತಿಯವು ಎಂದು ತೋರಿಸಿದನು. ವಾದವು ಇನ್ನೂ ಪೂರ್ಣವಾಗಿ ಮುಗಿದಿಲ್ಲ. ಆದರೆ ಮಿದುಳಿನ ಇನ್ಸುಲಾ ಎಂಬ ಭಾಗವು ದೇಹದ ಒಳಸುದ್ದಿಗಳನ್ನು ಗ್ರಹಿಸುವುದರಲ್ಲಿಯೂ ಭಾವಾನುಭವದಲ್ಲಿಯೂ ಪಾಲ್ಗೊಳ್ಳುವುದೆಂದು ಈಚಿನ ಶೋಧನೆಗಳಿಂದ ತಿಳಿದುಬಂದಿದೆ. ತಮ್ಮ ಎದೆಬಡಿತವನ್ನು ಸರಿಯಾಗಿ ಗುರುತಿಸಬಲ್ಲವರಲ್ಲಿ ಅದರ ಬಲಮುಂಭಾಗವು ಹೆಚ್ಚು ಚುರುಕಾಗಿರುವುದನ್ನು 2004ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು.

1979ರಲ್ಲಿ ಜಾನ್ ಕಬಾಟ್-ಜಿನ್ ಅವರು ಅಮೆರಿಕದ ಮ್ಯಾಸಚೂಸೆಟ್ಸ್ ವೈದ್ಯಶಾಲೆಯಲ್ಲಿ ದೀರ್ಘರೋಗಿಗಳಿಗಾಗಿ ಕೆಲವು ವಾರಗಳ ಅಭ್ಯಾಸವನ್ನು ಏರ್ಪಡಿಸಿದರು. ಮಲಗಿಕೊಂಡು ಗಮನವನ್ನು ಅಂಗಾಂಗವಾಗಿ ನಡೆಸುವ ಅದರ ಕ್ರಮದಲ್ಲಿ ಊ ಬ ಖಿನ್ ಪರಂಪರೆಯ ಛಾಯೆ ಸ್ಪಷ್ಟವಾಗಿದೆ. ತಲೆನೋವಿಗಾಗಿ ಬರಬೇಡವೆಂದ ಗುರುವಿನ ವಿದ್ಯೆಯು ಆಸ್ಪತ್ರೆಯಲ್ಲಿ ನೋವಿಗಾಗಿಯೇ ನೆಲೆಸಿದುದು ಚರಿತ್ರೆಯ ವೈಚಿತ್ರ್ಯವೇ ಸರಿ.

ಫಲವನ್ನು ಕುರಿತು ಅತಿಶಯೋಕ್ತಿ ಸಲ್ಲದು. ಧ್ಯಾನಾಭ್ಯಾಸವನ್ನು ಕುರಿತ 47 ಪ್ರಯೋಗಗಳನ್ನೂ 3,515 ಜನರನ್ನೂ ಒಳಗೊಂಡು 2014ರಲ್ಲಿ ಪ್ರಕಟವಾದ ಸಮೀಕ್ಷೆಯು ಆತಂಕ, ಖಿನ್ನತೆ, ನೋವುಗಳಲ್ಲಿ ಮಿತವಾದ ಉಪಶಮನವನ್ನು ಕಂಡಿತು. ವ್ಯಾಯಾಮ, ಔಷಧ ಮೊದಲಾದ ಬೇರೆ ಉಪಾಯಗಳಿಗಿಂತ ಇದು ಮೇಲೆಂಬುದಕ್ಕೆ ಆಧಾರವನ್ನು ಕಾಣಲಿಲ್ಲ. ಎದೆಬಡಿತವನ್ನೇ ಭಯದಿಂದ ಎಣಿಸುತ್ತ ಕುಳಿತವನ ಆತಂಕವು ಇಳಿಯುವುದಕ್ಕೆ ಬದಲಾಗಿ ಏರುವುದೂ ಉಂಟು. ಆದುದರಿಂದಲೇ ಹಳೆಯ ಆಚಾರ್ಯರು ಸ್ಮೃತಿಯೊಡನೆ ಉಪೇಕ್ಷೆಯನ್ನೂ ವಿಧಿಸಿದರು. ಅರಿವು ದೀಪವಾದರೆ ಸಮಚಿತ್ತತೆಯು ಗಾಳಿಗೆ ಅಡ್ಡ ಹಿಡಿದ ಕೈ. ಇದನ್ನು ಕಲಿಸಿದ ನಾಡಿನಲ್ಲಿಯೇ ಸೈನ್ಯದ ಆಳ್ವಿಕೆಯೂ ಒಳಜಗಳಗಳೂ ಸಾಲುಸಾಲಾಗಿ ಬಂದುದನ್ನು ನೆನೆದರೆ, ಒಬ್ಬೊಬ್ಬರ ಕೋಪಕ್ಕೆ ಕಂಡ ಮದ್ದು ದೇಶದ ಕೋಪಕ್ಕೆ ತಾನಾಗಿಯೇ ಮದ್ದಾಗಲಾರದೆಂಬುದೂ ತಿಳಿಯುವುದು.

ಇಷ್ಟಾದರೂ ಈ ಚರಿತ್ರೆಯು ಕಲಿಸುವ ಒಂದು ಪಾಠವುಂಟು. ಅರಸನನ್ನು ಕಳೆದುಕೊಂಡ ಭಿಕ್ಷುವೂ, ಮಕ್ಕಳನ್ನು ಕಳೆದುಕೊಂಡ ರೈತನೂ, ಆಸ್ತಿಯನ್ನು ಕಳೆದುಕೊಂಡ ವರ್ತಕನೂ ಕೈಯಲ್ಲಿ ಉಳಿದ ಒಂದೇ ನೆಲಕ್ಕೆ, ಎಂದರೆ ಒಂದು ಮಾರು ಉದ್ದದ ಈ ದೇಹಕ್ಕೆ, ಮರಳಿ ಅಲ್ಲಿ ಕೃಷಿ ಮಾಡಿದರು. ಹೊಟ್ಟೆಯಲ್ಲಿ ಹತ್ತಿದ ಕಿಚ್ಚನ್ನು ಆರಿಸಲು ಹೊರಗೆ ಓಡುವವನಿಗಿಂತ, ಒಂದು ಗಳಿಗೆ ನಿಂತು ಅದನ್ನು ನೋಡುವವನು ಹೆಚ್ಚು ಸ್ವತಂತ್ರನು. ಆ ಒಂದು ಗಳಿಗೆಯನ್ನು ಸಾಮಾನ್ಯ ಗೃಹಸ್ಥನೂ ಅಭ್ಯಾಸದಿಂದ ಗಳಿಸಬಹುದೆಂದು ತೋರಿಸಿಕೊಟ್ಟುದೇ ಬ್ರಹ್ಮದೇಶದ ಈ ಗುರುಪರಂಪರೆಯ ಹಿರಿಮೆಯಾಗಿದೆ.