ಸಿ. ಪಿ. ಕೃಷ್ಣನ್ ನಾಯರ್

ಚಿತ್ತರತ್ ಪೂವಕ್ಕಾಟ್ಟ್ ಕೃಷ್ಣನ್ ನಾಯರ್ (9 ಫೆಬ್ರುವರಿ 1922 – 17 ಮೇ 2014) ಭಾರತದ ಹೋಟೆಲ್ ಉದ್ಯಮಿ. ಐಷಾರಾಮಿ ಹೋಟೆಲುಗಳ ಸಮೂಹವಾದ ‘ದಿ ಲೀಲಾ’ದ ಸ್ಥಾಪಕರು. ಸಾರ್ವಜನಿಕ ವಲಯದಲ್ಲಿ ಅವರು ‘ಕ್ಯಾಪ್ಟನ್ ನಾಯರ್’ ಎಂದೇ ಪರಿಚಿತರಾಗಿದ್ದರು. ಸೇನೆಯಲ್ಲಿ ವೈರ್‌ಲೆಸ್ ವಿಭಾಗದ ಕೆಲಸ, ಕೈಮಗ್ಗದ ಬಟ್ಟೆಯ ವ್ಯಾಪಾರ, ಲೇಸ್ ತಯಾರಿಕೆ ಮತ್ತು ರಫ್ತು ಇವುಗಳನ್ನು ದಾಟಿ ಅವರು ಹೋಟೆಲ್ ಕ್ಷೇತ್ರಕ್ಕೆ ಬಂದದ್ದು ಅರವತ್ತು ದಾಟಿದ ಮೇಲೆ. ವ್ಯಾಪಾರ ಮತ್ತು ಉದ್ಯಮ ಕ್ಷೇತ್ರದ ಸೇವೆಗಾಗಿ 2010ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ನೀಡಲಾಯಿತು.

ಬಾಲ್ಯ ಮತ್ತು ಸೇನಾ ಸೇವೆ

ನಾಯರ್ ಅವರು ಹುಟ್ಟಿದ್ದು ಇಂದಿನ ಕೇರಳದ ಕಣ್ಣೂರಿನಲ್ಲಿ. ಆಗ ಅದು ಮದ್ರಾಸ್ ಪ್ರಾಂತ್ಯದ ಮಲಬಾರ್ ಜಿಲ್ಲೆಗೆ ಸೇರಿತ್ತು. ನೆರೆಯ ದಕ್ಷಿಣ ಕನ್ನಡವೂ ಅದೇ ಪ್ರಾಂತ್ಯದ ಭಾಗವಾಗಿತ್ತು. ತಂದೆ ಸರ್ಕಾರದ ಬಿಲ್ ವಸೂಲಿಗಾರರಾಗಿದ್ದರು. ಮಕ್ಕಳು ಹೆಚ್ಚು, ವರಮಾನ ಕಡಿಮೆ ಎಂಬ ಸ್ಥಿತಿಯ ಕುಟುಂಬ ಅದು. ಚಿರಕ್ಕಲ್ ಅರಸರು ನೀಡಿದ ವಿದ್ಯಾರ್ಥಿವೇತನದಿಂದ ಅವರ ಶಾಲಾ ಶಿಕ್ಷಣ ಮುಂದುವರಿಯಿತು. ಅನಂತರ ಮದ್ರಾಸಿನ ಸರ್ಕಾರಿ ಕಾಲೇಜಿನಲ್ಲಿ ಓದಿದರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನೆಗೆ ಸೇರಿದ ಅವರು, ಈಗ ಪಾಕಿಸ್ತಾನದಲ್ಲಿರುವ ಅಬ್ಬೋಟಾಬಾದಿನಲ್ಲಿ ವೈರ್‌ಲೆಸ್ ಅಧಿಕಾರಿಯಾಗಿ ಕೆಲಸ ಮಾಡಿದರು. ಮುಂದೆ ಮರಾಠಾ ಲಘು ಪದಾತಿ ದಳದಲ್ಲಿ ಕ್ಯಾಪ್ಟನ್ ಹುದ್ದೆಗೆ ಏರಿದರು. ಹತ್ತು ವರ್ಷವೂ ಪೂರ್ತಿಯಾಗದ ಈ ಸೇವೆಯಿಂದ ಬಂದ ಪದನಾಮ ಕೊನೆಯವರೆಗೂ ಅವರ ಹೆಸರಿಗೆ ಅಂಟಿಕೊಂಡೇ ಉಳಿಯಿತು.

ಕೈಮಗ್ಗದಿಂದ ರಫ್ತಿನವರೆಗೆ

1950ರಲ್ಲಿ ಅವರ ವಿವಾಹ ಲೀಲಾ ಅವರೊಂದಿಗೆ ನಡೆಯಿತು. ಲೀಲಾ ಅವರ ತಂದೆ ಎ. ಕೆ. ನಾಯರ್ ಕಣ್ಣೂರಿನಲ್ಲಿ ಕೈಮಗ್ಗದ ಬಟ್ಟೆಯ ಉದ್ಯಮ ನಡೆಸುತ್ತಿದ್ದರು. ಮರುವರ್ಷ ಸೇನೆಯನ್ನು ಬಿಟ್ಟು ಬಂದ ನಾಯರ್ ಮಾವನ ವ್ಯಾಪಾರದಲ್ಲಿ ತೊಡಗಿಕೊಂಡರು. ಗಿರಣಿ ಬಟ್ಟೆಯ ಸ್ಪರ್ಧೆಯಲ್ಲಿ ನೇಕಾರರು ಮಾರುಕಟ್ಟೆ ಕಳೆದುಕೊಳ್ಳುತ್ತಿದ್ದ ಕಾಲವದು. ಅಖಿಲ ಭಾರತ ಕೈಮಗ್ಗ ಮಂಡಳಿಯ ರಚನೆಯ ಹಿಂದಿನ ಪ್ರಯತ್ನಗಳಲ್ಲಿ ನಾಯರ್ ಅವರೂ ಪಾಲ್ಗೊಂಡಿದ್ದರು. ನೇಯ್ದದ್ದನ್ನು ದೇಶದೊಳಗೆ ಮಾರುವುದು ಕಷ್ಟವಾದರೆ ಹೊರದೇಶದಲ್ಲಿ ಕೊಳ್ಳುವವರನ್ನು ಹುಡುಕಬೇಕು ಎಂಬ ವಿಚಾರ ಅವರನ್ನು ರಫ್ತಿನತ್ತ ಕೊಂಡೊಯ್ದಿತು.

ಈ ಅವಧಿಯ ಹೆಚ್ಚು ಪ್ರಸಿದ್ಧವಾದ ಪ್ರಸಂಗ ‘ಬ್ಲೀಡಿಂಗ್ ಮದ್ರಾಸ್’ ಬಟ್ಟೆಯದು. ಸಸ್ಯಜನ್ಯ ಬಣ್ಣಗಳಿಂದ ಅದ್ದಿದ ನೂಲಿನಲ್ಲಿ ನೇಯ್ದ ಚೌಕುಳಿ ಹತ್ತಿ ಬಟ್ಟೆ ಒಗೆದಂತೆಲ್ಲ ಬಣ್ಣ ಬಿಡುತ್ತಿತ್ತು. ಪ್ರಚಲಿತ ವಿವರಣೆಯ ಪ್ರಕಾರ, 1958ರ ಸುಮಾರಿಗೆ ಅಮೆರಿಕದ ಆಮದುದಾರರೊಬ್ಬರು ನಾಯರ್ ಅವರಿಂದ ಈ ಬಟ್ಟೆಯನ್ನು ಕೊಂಡು ಬ್ರೂಕ್ಸ್ ಬ್ರದರ್ಸ್ ಉಡುಪು ಸಂಸ್ಥೆಗೆ ಮಾರಿದರು. ತಣ್ಣೀರಿನಲ್ಲಿ ಪ್ರತ್ಯೇಕವಾಗಿ ಒಗೆಯಬೇಕೆಂಬ ಸೂಚನೆ ಗ್ರಾಹಕರಿಗೆ ತಲುಪಲಿಲ್ಲ. ಬಣ್ಣ ಬಿಟ್ಟ ಅಂಗಿಗಳ ಬಗ್ಗೆ ದೂರುಗಳು ಬಂದು ವಿಷಯ ವಕೀಲರವರೆಗೆ ಹೋಯಿತು. ಕೊನೆಗೆ ದೋಷವೆಂದು ಕಂಡದ್ದನ್ನೇ ವೈಶಿಷ್ಟ್ಯವೆಂದು ಪ್ರಚಾರ ಮಾಡಲಾಯಿತು. ಒಗೆದಷ್ಟೂ ಹೊಸ ಛಾಯೆ ಪಡೆಯುವ ಕೈಮಗ್ಗದ ಬಟ್ಟೆ ಎಂಬ ಹೆಸರಿನಲ್ಲಿ ಅದು 1960ರ ದಶಕದಲ್ಲಿ ಅಮೆರಿಕದ ಯುವಜನರ ಮೆಚ್ಚಿನ ಉಡುಪಾಯಿತು. ಹಲವು ಬಾರಿ ಹೇಳಲ್ಪಟ್ಟ ಈ ಕಥೆಯಲ್ಲಿ ಸ್ವಲ್ಪ ಬಣ್ಣ ಸೇರಿರಲೂ ಸಾಕು. ಆದರೆ ಮದ್ರಾಸ್ ಚೌಕುಳಿ ಆ ದಶಕದಲ್ಲಿ ಅಲ್ಲಿ ಜನಪ್ರಿಯವಾಗಿದ್ದುದು ನಿಜ.

ಮುಂದೆ ನಾಯರ್ ಅವರು ಮುಂಬಯಿಯಲ್ಲಿ ನೆಲೆಸಿ ‘ಲೀಲಾ ಲೇಸ್’ ಉದ್ಯಮವನ್ನು ಕಟ್ಟಿದರು. ಅದರ ಲೇಸ್ ಮತ್ತು ಸಿದ್ಧ ಉಡುಪುಗಳು ವಿದೇಶಗಳಿಗೆ ರಫ್ತಾಗುತ್ತಿದ್ದವು. ಪತ್ನಿಯ ಹೆಸರನ್ನು ಉದ್ಯಮಕ್ಕೆ ಇಡುವ ರೂಢಿ ಹೋಟೆಲಿಗಿಂತ ಮೊದಲು ಇಲ್ಲಿಯೇ ಆರಂಭವಾಯಿತು.

ಹೋಟೆಲ್ ಉದ್ಯಮಕ್ಕೆ ಪ್ರವೇಶ

ನಾಯರ್ ಅವರಿಗೆ ಹೋಟೆಲ್ ನಿರ್ವಹಣೆಯಲ್ಲಿ ಯಾವುದೇ ತರಬೇತಿ ಇರಲಿಲ್ಲ. ಅವರಿಗಿದ್ದದ್ದು ಅತಿಥಿಯಾಗಿ ಪಡೆದ ಅನುಭವ. ಬಟ್ಟೆ ಮಾರಲು ಯೂರೋಪ್ ಮತ್ತು ಅಮೆರಿಕಗಳನ್ನು ವರ್ಷಗಟ್ಟಲೆ ಸುತ್ತಿದ ಅವರು ಅಲ್ಲಿನ ದೊಡ್ಡ ಹೋಟೆಲುಗಳಲ್ಲಿ ತಂಗಿ ಅವುಗಳ ರೀತಿಯನ್ನು ಗಮನಿಸಿದ್ದರು. ವಿದೇಶಿ ಖರೀದಿದಾರ ಏನನ್ನು ಅಪೇಕ್ಷಿಸುತ್ತಾನೆ, ಸಣ್ಣ ಲೋಪಕ್ಕೆ ಸರಕನ್ನು ಹೇಗೆ ತಿರಸ್ಕರಿಸುತ್ತಾನೆ ಎಂಬುದು ರಫ್ತುದಾರನಿಗೆ ಗೊತ್ತಿರಲೇಬೇಕಾದ ಸಂಗತಿ. ಕೊಠಡಿಯ ಹಾಸಿಗೆಯ ಬಟ್ಟೆಯಿಂದ ಹೂವಿನ ಜೋಡಣೆಯವರೆಗೆ ಅವರು ತೋರುತ್ತಿದ್ದ ಹಟವನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬಹುದು.

ಸ್ಥಳವೂ ಅನುಕೂಲವಾಗಿ ಒದಗಿತು. ಅವರ ಮನೆ ಮತ್ತು ಲೇಸ್ ಕಾರ್ಖಾನೆ ಅಂಧೇರಿ ಪೂರ್ವದ ಸಹಾರ್ ಪ್ರದೇಶದಲ್ಲಿದ್ದವು. 1980ರ ದಶಕದ ಆರಂಭದಲ್ಲಿ ಮುಂಬಯಿಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಹೊಸ ಟರ್ಮಿನಲ್ ಸಹಾರಿನಲ್ಲೇ ತೆರೆಯಿತು. ನಗರದ ಹೆಸರಾಂತ ಹೋಟೆಲುಗಳು ಅಲ್ಲಿಂದ ಬಹುದೂರದ ದಕ್ಷಿಣ ಮುಂಬಯಿಯಲ್ಲಿದ್ದವು. ವಿಮಾನ ನಿಲ್ದಾಣದ ಬಾಗಿಲಲ್ಲಿ ಉತ್ತಮ ದರ್ಜೆಯ ಹೋಟೆಲಿಗೆ ಬೇಡಿಕೆಯಿದೆ ಎಂದು ನಾಯರ್ ಕಂಡುಕೊಂಡರು. 1986–87ರ ಹೊತ್ತಿಗೆ, ಅವರಿಗೆ ಸುಮಾರು 65 ವರ್ಷವಾಗಿದ್ದಾಗ, ಮುಂಬಯಿಯ ಲೀಲಾ ಹೋಟೆಲ್ ಆರಂಭವಾಯಿತು. ಮೊದಲು ಯೂರೋಪಿನ ಪೆಂಟಾ, ಬಳಿಕ ಜರ್ಮನಿಯ ಕೆಂಪಿನ್ಸ್ಕಿ ಸಂಸ್ಥೆಗಳ ಹೆಸರು ಲೀಲಾದೊಂದಿಗೆ ಜೋಡಿಯಾಗಿತ್ತು. ಹೊಸ ಹೋಟೆಲನ್ನು ವಿದೇಶಿ ಪ್ರವಾಸಿಗರು ನಂಬುವಂತಾಗಲು ಇಂಥ ಹೊಂದಾಣಿಕೆ ನೆರವಾಯಿತು.

ವಿಸ್ತರಣೆ

1991ರಲ್ಲಿ ದಕ್ಷಿಣ ಗೋವಾದ ಮೊಬೋರ್ ಕಡಲತೀರದಲ್ಲಿ ಎರಡನೆಯ ಹೋಟೆಲ್ ತೆರೆಯಿತು. ಮೂರನೆಯದು 2001ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಲೀಲಾ ಪ್ಯಾಲೇಸ್. ಮೈಸೂರು ಅರಮನೆಯ ಮತ್ತು ವಿಜಯನಗರ ಕಾಲದ ವಾಸ್ತುಶೈಲಿಯ ಛಾಯೆಯುಳ್ಳ ಈ ಕಟ್ಟಡ ಗುಮ್ಮಟಗಳು, ಕಮಾನುಗಳು ಹಾಗೂ ವಿಶಾಲ ತೋಟಗಳಿಂದ ಗಮನ ಸೆಳೆಯಿತು. ಮಾಹಿತಿ ತಂತ್ರಜ್ಞಾನ ಉದ್ಯಮ ನಗರಕ್ಕೆ ವಿದೇಶಿ ಅತಿಥಿಗಳನ್ನು ಕರೆತರುತ್ತಿದ್ದ ಕಾಲಕ್ಕೆ ಅದು ಸರಿಯಾಗಿ ಹೊಂದಿತು. ಇಲ್ಲಿಯೂ ಸಹಾರಿನಂತೆ ವಿಮಾನ ನಿಲ್ದಾಣದ ಸಾಮೀಪ್ಯವಿತ್ತು: ಹೋಟೆಲ್ ಇದ್ದದ್ದು ಎಚ್‌ಎಎಲ್ ವಿಮಾನ ನಿಲ್ದಾಣದ ರಸ್ತೆಯಲ್ಲಿ. 2008ರಲ್ಲಿ ನಾಗರಿಕ ವಿಮಾನಗಳು ದೇವನಹಳ್ಳಿಗೆ ಸ್ಥಳಾಂತರವಾದ ಮೇಲೆ ಆ ಅನುಕೂಲ ಹೋಯಿತು. ಹೋಟೆಲಿನ ಪ್ರತಿಷ್ಠೆ ಮಾತ್ರ ಉಳಿಯಿತು.

2005ರಲ್ಲಿ ಕೇರಳದ ಕೋವಳಂ ಹೋಟೆಲನ್ನು ಸಮೂಹ ಕೊಂಡಿತು. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯ ವಿನ್ಯಾಸ ಮಾಡಿದ ಆ ಕಟ್ಟಡ ಮೊದಲು ಸರ್ಕಾರಿ ಒಡೆತನದ ಅಶೋಕ್ ಹೋಟೆಲಾಗಿತ್ತು. ಆ ಬಳಿಕ ಉದಯಪುರ (2009), ದೆಹಲಿಯ ಚಾಣಕ್ಯಪುರಿ (2011) ಮತ್ತು ಚೆನ್ನೈ (2013) ಹೋಟೆಲುಗಳು ಬಂದವು. ಹೋಟೆಲುಗಳ ಆವರಣದಲ್ಲಿ ಗಿಡಮರ ಬೆಳೆಸುವುದರಲ್ಲಿ ನಾಯರ್ ಅವರಿಗೆ ವಿಶೇಷ ಆಸಕ್ತಿಯಿತ್ತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ‘ಗ್ಲೋಬಲ್ 500’ ಗೌರವಕ್ಕೂ ಅವರು ಪಾತ್ರರಾಗಿದ್ದರು.

ಸಾಲದ ಹೊರೆ ಮತ್ತು ಒಡೆತನದ ಬದಲಾವಣೆ

ಹೋಟೆಲ್ ವ್ಯವಹಾರದಲ್ಲಿ ಎರಡು ಮಾರ್ಗಗಳಿವೆ. ಜಮೀನು, ಕಟ್ಟಡಗಳನ್ನು ಸಂಸ್ಥೆಯೇ ಕೊಂಡು ನಡೆಸುವುದು ಒಂದು. ಬೇರೆಯವರ ಕಟ್ಟಡವನ್ನು ಶುಲ್ಕ ಪಡೆದು ನಿರ್ವಹಿಸುವುದು ಇನ್ನೊಂದು. ನಾಯರ್ ಅವರು ಒಲಿದದ್ದು ಮೊದಲನೆಯದಕ್ಕೆ. ಗುರುಗ್ರಾಮದಂತಹ ಕೆಲವು ಹೋಟೆಲುಗಳನ್ನು ನಿರ್ವಹಣಾ ಒಪ್ಪಂದದ ಮೇಲೆ ನಡೆಸಿದರೂ, ಸಮೂಹದ ಅರಮನೆ ಮಾದರಿಯ ಹೋಟೆಲುಗಳು ಸ್ವಂತ ಬಂಡವಾಳ ಮತ್ತು ಸಾಲದಿಂದ ಎದ್ದವು. ಈ ಮಾರ್ಗದಲ್ಲಿ ಕಟ್ಟಡದ ಗುಣಮಟ್ಟ ಪೂರ್ತಿಯಾಗಿ ಒಡೆಯನ ಕೈಯಲ್ಲಿರುತ್ತದೆ, ಆದರೆ ಕೊಠಡಿಗಳು ಭರ್ತಿಯಾದರೂ ಆಗದಿದ್ದರೂ ಬಡ್ಡಿ ಕಟ್ಟಲೇಬೇಕು. 2008ರ ಜಾಗತಿಕ ಆರ್ಥಿಕ ಹಿಂಜರಿತ ಮತ್ತು ಅದೇ ವರ್ಷದ ನವೆಂಬರಿನ ಮುಂಬಯಿ ದಾಳಿಯ ನಂತರ ಪ್ರವಾಸಿಗರ ಸಂಖ್ಯೆ ಕುಸಿಯಿತು. ದೆಹಲಿ ಮತ್ತು ಚೆನ್ನೈಗಳ ದುಬಾರಿ ನಿರ್ಮಾಣ ಆಗ ಅರ್ಧದಲ್ಲಿತ್ತು.

2011ರಲ್ಲಿ ಕೋವಳಂ ಹೋಟೆಲನ್ನು ಮಾರಲಾಯಿತು. 2012ರಲ್ಲಿ ಸಾಲ ಪುನರ್‌ರಚನೆಗೆ ಬ್ಯಾಂಕುಗಳು ಒಪ್ಪಿದರೂ ಪರಿಸ್ಥಿತಿ ಸುಧಾರಿಸಲಿಲ್ಲ. ನಾಯರ್ ಅವರು 2013ರಲ್ಲಿ ಅಧ್ಯಕ್ಷ ಸ್ಥಾನವನ್ನು ಮಗ ವಿವೇಕ್ ನಾಯರ್ ಅವರಿಗೆ ವಹಿಸಿ ನಿವೃತ್ತರಾದರು. 2014ರ ಮೇ 17ರಂದು ಮುಂಬಯಿಯಲ್ಲಿ ನಿಧನರಾದಾಗ ಅವರಿಗೆ 92 ವರ್ಷ. ಅದೇ ವರ್ಷ ಸಾಲದ ಬಹುಭಾಗ ಜೆಎಂ ಫೈನಾನ್ಶಿಯಲ್ ಸಮೂಹದ ಆಸ್ತಿ ಪುನರ್‌ರಚನಾ ಸಂಸ್ಥೆಗೆ ವರ್ಗವಾಯಿತು. ಮರುವರ್ಷ ಗೋವಾದ ಹೋಟೆಲೂ ಮಾರಾಟವಾಯಿತು.

2019ರಲ್ಲಿ ಕೆನಡಾ ಮೂಲದ ಬ್ರೂಕ್‌ಫೀಲ್ಡ್ ಸಂಸ್ಥೆ ಬೆಂಗಳೂರು, ದೆಹಲಿ, ಚೆನ್ನೈ ಮತ್ತು ಉದಯಪುರದ ಹೋಟೆಲುಗಳನ್ನು, ಆಗ್ರಾದ ಒಂದು ಜಮೀನನ್ನು ಹಾಗೂ ‘ಲೀಲಾ’ ಹೆಸರಿನ ಹಕ್ಕನ್ನು 3,950 ಕೋಟಿ ರೂಪಾಯಿಗೆ ಪಡೆಯಿತು. ಅಲ್ಪ ಪಾಲಿನ ಷೇರುದಾರನಾಗಿದ್ದ ಐಟಿಸಿ ಈ ಮಾರಾಟವನ್ನು ಪ್ರಶ್ನಿಸಿತ್ತು. ಕಾನೂನು ತಕರಾರು ಮುಗಿದ ಮೇಲೆ ವ್ಯವಹಾರ ಪೂರ್ಣಗೊಂಡಿತು. ಹೊಸ ಒಡೆತನದ ಕಂಪನಿ 2025ರಲ್ಲಿ ಷೇರುಪೇಟೆ ಪ್ರವೇಶಿಸಿತು. ನಾಯರ್ ಅವರ ಮೂಲ ಕಂಪನಿ ‘ಎಚ್‌ಎಲ್‌ವಿ’ ಎಂದು ಹೆಸರು ಬದಲಿಸಿಕೊಂಡಿತು. ಅದರ ಬಳಿ ಉಳಿದ ಹೋಟೆಲ್, ಲೇಸ್ ಕಾರ್ಖಾನೆಯ ನೆರೆಯಲ್ಲಿ ಮೊದಲು ಕಟ್ಟಿದ ಮುಂಬಯಿಯ ಹೋಟೆಲ್.