ಎಡೆದೊರೆ ನಾಡಿನ ಮನೆವಾರ್ತೆಯಲ್ಲಿ ವಸ್ತುಗಳ ಬಾಳಿಕೆ

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಭೂಭಾಗವನ್ನು ನಮ್ಮ ಪ್ರಾಚೀನ ಶಾಸನಗಳು ಎಡೆದೊರೆ ನಾಡೆಂದು ಕರೆದಿವೆ. ಈ ನಾಡಿನ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅದಕ್ಕಾಗಿ ನಡೆದ ಕಾಳಗಗಳನ್ನೇ ಬರೆದಿದ್ದಾರೆ. ಮುದಗಲ್ಲಿನ ಕೋಟೆ, ೧೫೨೦ರ ರಾಯಚೂರು ಯುದ್ಧ ಮೊದಲಾದವು ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದ ವಿಷಯಗಳು. ಆದರೆ ಕೋಟೆಯ ಕೆಳಗಿನ ಊರುಗಳಲ್ಲಿ ಹರಿದ ಸೀರೆಯನ್ನು ಏನು ಮಾಡುತ್ತಿದ್ದರು, ಮೊಂಡಾದ ಕುಡುಗೋಲು ಯಾರ ಕೈಗೆ ಹೋಗುತ್ತಿತ್ತು, ಒಡೆದ ಗಡಿಗೆಯ ಗತಿ ಏನಾಗುತ್ತಿತ್ತು ಎಂಬ ಪ್ರಶ್ನೆಗಳನ್ನು ಕೇಳಿದವರು ವಿರಳ. ಸಿಂಧನೂರು, ಲಿಂಗಸುಗೂರು ಹಾಗೂ ಹಿಂದೆ ಲಿಂಗಸುಗೂರಿಗೆ ಸೇರಿದ್ದು ಈಗ ತಾನೇ ತಾಲ್ಲೂಕಿನ ಕೇಂದ್ರವಾಗಿರುವ ಮಸ್ಕಿ, ಈ ಮೂರು ಪ್ರದೇಶಗಳನ್ನು ಮುಂದಿರಿಸಿಕೊಂಡು ಆ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಜನರು ಬಡವರಾಗಿದ್ದರು, ಆದ್ದರಿಂದ ಏನನ್ನೂ ಬಿಸಾಡುತ್ತಿರಲಿಲ್ಲ ಎಂಬ ಸಮಾಧಾನ ಸಾಮಾನ್ಯವಾಗಿ ಕೇಳಿಬರುತ್ತದೆ. ಅದು ಅರ್ಧ ಸತ್ಯವೆಂದು ನಮ್ಮ ಭಾವನೆ.

ಕಸವೆಂಬುದು ವಸ್ತುವಿನ ಸಹಜ ಗುಣವಲ್ಲ. ಬಳಕೆ ತಿಳಿಯದಿದ್ದಾಗ ನಾವು ಅದಕ್ಕೆ ಕೊಡುವ ಹೆಸರು. ಇದಕ್ಕೆ ಈ ಸೀಮೆಯ ಪ್ರಾಗಿತಿಹಾಸವೇ ಸಾಕ್ಷಿಯಾಗಿದೆ. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಆಲ್ಚಿನ್ನರು ನಡೆಸಿದ ಉತ್ಖನನದ ವರದಿ ೧೯೬೦ರಲ್ಲಿ ಪ್ರಕಟವಾಯಿತು. ಮಸ್ಕಿಯಲ್ಲಿ ೧೯೫೪ರಲ್ಲಿ ಬಿ. ಕೆ. ಥಾಪರ್ ಅವರು ಉತ್ಖನನ ನಡೆಸಿದರು. ನೂತನ ಶಿಲಾಯುಗದ ಪಶುಪಾಲಕರು ಇಲ್ಲಿ ನೆಲಸಿದ್ದರೆಂಬುದು ಇವುಗಳಿಂದ ಸ್ಥಿರಪಟ್ಟಿತು. ಆ ಜನರು ಬಿಟ್ಟುಹೋದ ಬೂದಿದಿಬ್ಬಗಳು ರಾಯಚೂರು ಬಳ್ಳಾರಿ ಪ್ರಾಂತಗಳಲ್ಲಿ ಅನೇಕವಾಗಿವೆ. ಕೃಷ್ಣೆಯ ಆಚೆಯ ಉತ್ನೂರಿನ ದಿಬ್ಬವನ್ನು ೧೯೫೭ರಲ್ಲಿ ಅಗೆದು ಪರೀಕ್ಷಿಸಿದಾಗ, ದನದ ದೊಡ್ಡಿಗಳಲ್ಲಿ ಕೂಡಿದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟದ್ದರಿಂದ ಅದು ಉಂಟಾಯಿತೆಂದು ಕಂಡುಬಂದಿತು. ಮುಂದಿನ ಕಾಲದ ರೈತನು ಹೊನ್ನಿನಂತೆ ಕಾಯ್ದ ಸಗಣಿಯನ್ನು ಅವರು ರಾಶಿಹಾಕಿ ಸುಟ್ಟರು. ಅದರ ಉದ್ದೇಶ ಏನೇ ಇರಲಿ, ಒಂದು ಕಾಲದ ಬೂದಿ ಮತ್ತೊಂದು ಕಾಲದ ಗೊಬ್ಬರವಾಗುತ್ತದೆಂಬುದು ಸ್ಪಷ್ಟ. ಅದೇ ಜನರು ಕಲ್ಲಿನ ಕೊಡಲಿಯ ಬಾಯಿ ಮೊಂಡಾದರೆ ಮತ್ತೆ ಉಜ್ಜಿ ಹರಿತ ಮಾಡುತ್ತಿದ್ದರು. ಮುರಿದರೆ ಅದನ್ನೇ ಕುಟ್ಟುವ ಕಲ್ಲಾಗಿ ಬಳಸುತ್ತಿದ್ದರು. ಮಡಕೆಯ ಚೂರನ್ನು ದುಂಡಗೆ ಅರೆದ ಬಿಲ್ಲೆಗಳು ದಕ್ಷಿಣ ಭಾರತದ ಪ್ರಾಚೀನ ನೆಲೆಗಳಲ್ಲಿ ಸಾಮಾನ್ಯವಾಗಿ ದೊರೆಯುತ್ತವೆ. ಬೋಕಿಬಿಲ್ಲೆಯಾಡುವ ನಮ್ಮ ಮಕ್ಕಳಿಗೆ ಅವುಗಳ ಪರಿಚಯ ಮಾಡಿಕೊಡಬೇಕಾಗಿಲ್ಲ.

ಮಿತವಾದ ಬಾಳಿನ ಆದರ್ಶವೂ ಈ ನಾಡಿಗೆ ಹೊಸದಲ್ಲ. ೧೯೧೫ರಲ್ಲಿ ಚಿನ್ನದ ಗಣಿಯ ಎಂಜಿನಿಯರರಾದ ಬೀಡನ್ನರು ಮಸ್ಕಿಯಲ್ಲಿ ಕಂಡುಹಿಡಿದ ಶಾಸನವು ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳಿದ್ದರಿಂದ ಜಗತ್ಪ್ರಸಿದ್ಧವಾಯಿತು. ಅದೇ ಅರಸನು ತನ್ನ ಮೂರನೆಯ ಶಿಲಾಶಾಸನದಲ್ಲಿ ಕಡಮೆ ವೆಚ್ಚ ಮಾಡುವುದನ್ನೂ ಕಡಮೆ ಸಾಮಗ್ರಿ ಕೂಡಿಡುವುದನ್ನೂ ಒಳಿತೆಂದು ಸಾರಿದ್ದಾನೆ. ಈ ಮಾತು ಮಸ್ಕಿಯ ಶಾಸನದಲ್ಲಿಲ್ಲ. ದಕ್ಷಿಣದಲ್ಲಿ ಅದು ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಗಳ ಮೇಲಿದೆ. ಹನ್ನೆರಡನೆಯ ಶತಮಾನಕ್ಕೆ ಬಂದರೆ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಶರಣದಂಪತಿಗಳು ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರೆಂದು ಸಂಪ್ರದಾಯ ಹೇಳುತ್ತದೆ. ಅಮರೇಶ್ವರಲಿಂಗವೆಂಬ ಅವರ ಅಂಕಿತ ಇದನ್ನು ಪುಷ್ಟೀಕರಿಸುತ್ತದೆ. ಕಲ್ಯಾಣದಲ್ಲಿ ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಹೆಚ್ಚಿಗೆ ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಎಂದಿನಷ್ಟನ್ನು ಮಾತ್ರ ಇರಿಸಿಕೊಂಡು ಉಳಿದುದನ್ನು ಹಿಂದಿರುಗಿಸೆಂದಳು. ಇತರರು ಚೆಲ್ಲಿದ್ದು ಈ ಮನೆಗೆ ಅನ್ನವಾಯಿತು; ಅನ್ನವಾದುದು ಆಸೆಯಾಗಬಾರದೆಂದು ಆಕೆ ಎಚ್ಚರ ವಹಿಸಿದಳು. ಇಲ್ಲಿರುವುದು ಬಡತನದ ನಿರ್ಬಂಧವಲ್ಲ, ಸಾಕೆನ್ನುವ ವಿವೇಕ.

ಆದರೆ ವಿವೇಕವೊಂದರಿಂದಲೇ ಹರಿದ ಬಟ್ಟೆ ಕೂಡುವುದಿಲ್ಲ. ಎರೆಯ ಹೊಲದ ಜೋಳವನ್ನು ನಂಬಿದ ಈ ಸೀಮೆಯ ಮನೆವಾರ್ತೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ಜೋಳದ ತೆನೆ ಮನುಷ್ಯರಿಗಾದರೆ ಕಣಿಕೆ ದನಗಳಿಗೆ. ದನದ ಸಗಣಿ ಕುಳ್ಳಾಗಿ ಒಲೆಗೆ, ಉಳಿದದ್ದು ತಿಪ್ಪೆಗೆ. ಒಲೆಯ ಬೂದಿ ಪಾತ್ರೆ ಬೆಳಗುವುದಕ್ಕೆ, ಆಮೇಲೆ ಅದೂ ತಿಪ್ಪೆಗೆ. ತಿಪ್ಪೆ ವರ್ಷಕ್ಕೊಮ್ಮೆ ಹೊಲಕ್ಕೆ. ಹತ್ತಿಯ ಕಟ್ಟಿಗೆ ಉರುವಲಾಗುತ್ತಿತ್ತು, ಹತ್ತಿಕಾಳು ಎತ್ತುಗಳ ಮೇವಾಗುತ್ತಿತ್ತು. ನೆರೆಯ ಇಳಕಲ್ಲಿನಿಂದ ಬಂದ ಸೀರೆ ಹಳತಾದರೆ ತೊಟ್ಟಿಲಿಗೆ ಹಾಸಾಗುತ್ತಿತ್ತು, ಕೂಸಿಗೆ ಕುಲಾವಿಯಾಗುತ್ತಿತ್ತು. ಇನ್ನೂ ಸವೆದರೆ ಧೋತರದ ತುಂಡುಗಳೊಡನೆ ಪದರ ಪದರವಾಗಿ ಕೂಡಿ ಕೌದಿಯಾಗುತ್ತಿತ್ತು. ಒತ್ತೊತ್ತಾಗಿ ಸಾಲುಗಟ್ಟಿ ಹಾಕಿದ ಹೊಲಿಗೆಯೇ ಕೌದಿಯ ಬಲ. ತಾನಾಗಿ ನಿಲ್ಲಲಾರದ ಬಟ್ಟೆ ಹತ್ತು ತುಂಡುಗಳ ಜೊತೆಗೆ ನಿಲ್ಲುತ್ತದೆ. ಮೇಲಿನ ಪದರ ಹರಿದರೆ ಅದರ ಮೇಲೆ ಮತ್ತೊಂದು ತೇಪೆ. ಮನೆಯ ಹೆಂಗಸರು ಬೇಸಗೆಯ ಬಿಡುವಿನಲ್ಲಿ ಇದನ್ನು ಹೊಲಿಯುತ್ತಿದ್ದರು. ಊರೂರು ತಿರುಗುವ ಹೆಂಗಸರು ಕೂಲಿಗೆ ಹೊಲಿದುಕೊಡುವುದೂ ಉಂಟು. ಸಿಂಧನೂರು ತಾಲ್ಲೂಕಿನ ಶಿಬಿರಗಳಲ್ಲಿ ನೆಲೆ ಪಡೆದ ಪೂರ್ವ ಬಂಗಾಳದ ನಿರಾಶ್ರಿತರ ಮೂಲ ನಾಡಿನಲ್ಲಿ ಕಾಂಥಾ ಎಂಬ ಹೊದಿಕೆಯಿದೆ. ಅದೂ ಹಳೆಯ ಸೀರೆ ಧೋತರಗಳನ್ನು ಪದರವಾಗಿಸಿ ಹೊಲಿದದ್ದೇ. ಪರಸ್ಪರ ಪರಿಚಯವಿಲ್ಲದ ಎರಡು ನಾಡುಗಳ ಹೆಂಗಸರು ಒಂದೇ ಉಪಾಯವನ್ನು ಕಂಡುಕೊಂಡಿದ್ದರು. ಪಾತ್ರೆಗಳ ವಿಷಯವೂ ಹೀಗೆಯೇ. ತಾಮ್ರ ಹಿತ್ತಾಳೆಗಳಲ್ಲಿ ಹುಳಿಯ ಪದಾರ್ಥ ಕಿಲುಬುವುದರಿಂದ, ಕಲಾಯಿಯವನು ಪಾತ್ರೆಯನ್ನು ಕಾಸಿ, ನವಸಾಗರ ಹಾಕಿ, ತವರವನ್ನು ಒಳಗೆಲ್ಲ ತೆಳ್ಳಗೆ ಬಳಿಯುತ್ತಿದ್ದನು. ಕಲಾಯಿ ಸವೆದರೆ ಮತ್ತೆ ಹಾಕಿಸುವುದೇ ಹೊರತು ಪಾತ್ರೆಯನ್ನು ಬಿಡುವ ಮಾತಿರಲಿಲ್ಲ. ತೂತು ಬಿದ್ದರೂ ಲೋಹದ ತೂಕಕ್ಕೆ ಬೆಲೆಯಿತ್ತು.

ಇನ್ನು ವ್ಯವಸಾಯದ ಮುಟ್ಟುಗಳಿಗೆ ಬರುವೆವು. ನಮ್ಮ ವಾದದ ತಿರುಳು ಇಲ್ಲಿದೆ. ಕಮ್ಮಾರ, ಬಡಿಗ, ಕುಂಬಾರ, ಅಗಸ ಮೊದಲಾದ ಆಯಗಾರರಿಗೆ ಪ್ರತಿ ಕೆಲಸಕ್ಕೂ ಹಣ ಕೊಡುವ ಪದ್ಧತಿ ಇರಲಿಲ್ಲ. ಸುಗ್ಗಿಯಲ್ಲಿ ಕಣದ ರಾಶಿಯಿಂದ ವರ್ಷಕ್ಕೊಮ್ಮೆ ಆಯದ ಕಾಳು ಸಲ್ಲುತ್ತಿತ್ತು. ಹೊಸ ಗಾಡಿಯಂಥ ದೊಡ್ಡ ಕೆಲಸಕ್ಕೆ ಮಾತ್ರ ಬೇರೆ ಪ್ರತಿಫಲ. ಕುಳವನ್ನು ಕಾಸಿ ಬಡಿಯುವುದು, ಕುಂಟೆಗೆ ಹೊಸ ಕಟ್ಟಿಗೆ ಕೂಡಿಸುವುದು ಇವೆಲ್ಲ ಆಯದೊಳಗೇ ಸೇರಿದ್ದವು. ಇದರ ಪರಿಣಾಮವನ್ನು ಗಮನಿಸಬೇಕು. ಕುಂಟೆ ವರ್ಷದಲ್ಲಿ ನಾಲ್ಕು ಸಲ ಮುರಿದರೆ ಬಡಿಗನಿಗೆ ನಾಲ್ಕು ಪಟ್ಟು ದುಡಿಮೆ, ಕಾಳು ಮಾತ್ರ ಅಷ್ಟೇ. ಆದ್ದರಿಂದ ಮೊದಲೇ ಗಟ್ಟಿಯಾಗಿ ಮಾಡುವುದು ಅವನ ಹಿತಕ್ಕೂ ಒಕ್ಕಲಿಗನ ಹಿತಕ್ಕೂ ಒಂದೇ ಆಗಿತ್ತು. ಇಂದಿನ ಅಂಗಡಿಯ ವ್ಯಾಪಾರದಲ್ಲಿ ಈ ಎರಡು ಹಿತಗಳು ಬೇರೆಯಾಗಿವೆ. ಕೊಂಡದ್ದು ಬೇಗ ಕೆಟ್ಟರೆ ಮಾರುವವನಿಗೆ ನಷ್ಟವಿಲ್ಲ. ವಸ್ತುಗಳ ಬಾಳಿಕೆಗೆ ಕೊಳ್ಳುವವನ ಮಿತವ್ಯಯ ಎಷ್ಟು ಕಾರಣವೋ, ಮಾಡುವವನೊಡನೆ ಇದ್ದ ಈ ಕರಾರೂ ಅಷ್ಟೇ ಕಾರಣವೆಂದು ನಾವು ಹೇಳಬಯಸುತ್ತೇವೆ.

ಹೀಗೆಂದ ಮಾತ್ರಕ್ಕೆ ಆ ವ್ಯವಸ್ಥೆಯನ್ನು ಕೊಂಡಾಡುವುದು ಸಲ್ಲದು. ಆಯ ಜಾತಿಗೆ ಅಂಟಿದ ಕಟ್ಟು. ಕಮ್ಮಾರನ ಮಗ ಕಮ್ಮಾರನೇ ಆಗಬೇಕು. ಮಳೆ ಹೋದ ವರ್ಷ ಅವನ ಕಾಳೂ ಹೋಗುತ್ತಿತ್ತು. ೧೮೭೬ರಿಂದ ೧೮೭೮ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಕಣವೇ ಬರಿದಾದಾಗ ಆಯಕ್ಕೆ ಅರ್ಥವೆಲ್ಲಿ? ಸತ್ತ ದನವನ್ನು ಹೊತ್ತು ಸುಲಿದು ಮಿಣಿ, ಬಾರು, ಕೆರಗಳನ್ನು ಮಾಡಿಕೊಟ್ಟವರ ಸ್ಥಿತಿ ಇನ್ನೂ ಕಠಿಣ. ಊರಿನ ಅತ್ಯಂತ ದೊಡ್ಡ ತ್ಯಾಜ್ಯವನ್ನು ಅತ್ಯಂತ ಉಪಯುಕ್ತ ವಸ್ತುವನ್ನಾಗಿ ಮಾಡಿದವರನ್ನೇ ಊರು ಹೊರಗಿರಿಸಿತು. ಅವರ ದುಡಿಮೆಯಲ್ಲಿ ಬಿಟ್ಟಿ ಚಾಕರಿಯ ಪಾಲು ಬಹಳ. ಕಸವಿಲ್ಲದ ಹಳ್ಳಿಯ ಚಿತ್ರವನ್ನು ಬರೆಯುವ ಇತಿಹಾಸಕಾರನು ಈ ಕೈಗಳನ್ನು ಬಿಟ್ಟರೆ ಅದು ಇತಿಹಾಸವಾಗದು.

ಈ ಕಟ್ಟು ಸಡಿಲವಾದದ್ದು ಇಪ್ಪತ್ತನೆಯ ಶತಮಾನದ ನಡುವಿನಿಂದ. ೧೯೪೫ರಲ್ಲಿ ಅಸ್ತಿಭಾರ ಹಾಕಿದ ತುಂಗಭದ್ರಾ ಅಣೆಕಟ್ಟಿನಿಂದ ೧೯೫೩ರಲ್ಲಿ ನೀರು ಹರಿಯತೊಡಗಿತು. ಎಡದಂಡೆಯ ಕಾಲುವೆ ಸಿಂಧನೂರಿನ ಎರೆಯ ಹೊಲಗಳನ್ನು ಭತ್ತದ ಗದ್ದೆಗಳನ್ನಾಗಿ ಮಾಡಿತು. ಆಂಧ್ರದ ಕರಾವಳಿಯಿಂದ ಬಂದ ಒಕ್ಕಲುಗಳಿಂದ ಕ್ಯಾಂಪುಗಳೆಂಬ ಹೊಸ ಊರುಗಳು ಹುಟ್ಟಿದವು. ಬರದ ನಾಡಿಗೆ ಅನ್ನ ಬಂದಿತು. ಅದನ್ನು ಹಗುರವಾಗಿ ಎಣಿಸಲಾಗದು. ಜೊತೆಗೆ ಹಣದ ಬೆಳೆ, ಹಣದ ಕೂಲಿ, ಅಂಗಡಿಯ ಸರಕು ಬಂದವು. ರಾಸಾಯನಿಕ ಗೊಬ್ಬರದಿಂದ ತಿಪ್ಪೆಯ ಮಾನ ಇಳಿಯಿತು; ಟ್ರ್ಯಾಕ್ಟರಿನಿಂದ ಬಡಿಗನ ಕೆಲಸ ಇಳಿಯಿತು; ಸ್ಟೀಲಿನ ಪಾತ್ರೆಯಿಂದ ಕಲಾಯಿಯವನ ದಾರಿ ಮುಚ್ಚಿತು. ೧೯೬೧ರ ಶಾಸನದಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದವು. ಜಾತಿಯ ಕಟ್ಟಿನಿಂದ ಬಿಡುಗಡೆ ಆದದ್ದು ನ್ಯಾಯವೇ. ಆದರೆ ದುರಸ್ತಿಗೆ ಮರ್ಯಾದೆಯ ಕೂಲಿ ಕೊಡುವ ಹೊಸ ಕರಾರೊಂದು ಅದರ ಸ್ಥಾನಕ್ಕೆ ಬರಲಿಲ್ಲ. ತಿಪ್ಪೆಗೆ ಹೋದರೂ ಕರಗದ ಪ್ಲಾಸ್ಟಿಕ್ ಮಾತ್ರ ಬಂದಿತು.

೨೦೧೬ರಲ್ಲಿ ಕರ್ನಾಟಕ ಸರಕಾರ ಪ್ಲಾಸ್ಟಿಕ್ ಚೀಲ ಮೊದಲಾದವನ್ನು ನಿಷೇಧಿಸಿತು. ಅದೇ ವರ್ಷದ ಕೇಂದ್ರದ ನಿಯಮಗಳು ಮನೆಯಲ್ಲಿಯೇ ಕಸವನ್ನು ವಿಂಗಡಿಸಬೇಕೆಂದವು. ಇವು ಅವಶ್ಯವಾದವು. ಆದರೆ ಕಸವಾದ ಮೇಲಿನ ವ್ಯವಸ್ಥೆ ಬೇರೆ, ಕಸವಾಗದಂತೆ ತಡೆಯುವ ವ್ಯವಸ್ಥೆ ಬೇರೆ. ಮನೆಯಿಂದ ಹೊರಹಾಕಿದ್ದು ಮಾಯವಾಗುವುದಿಲ್ಲ. ಯಾರದೋ ಕೈಗೆ ಹೋಗುತ್ತದೆ. ಆ ಕೈ ಇಂದಿಗೂ ಬಹುಮಟ್ಟಿಗೆ ಹಿಂದೆ ಊರು ಹೊರಗಿರಿಸಿದವರದೇ ಆಗಿರುವುದನ್ನು ನಾವು ಕಾಣುತ್ತಿದ್ದೇವೆ.

ಆಯದ ಜಾತಿಬಂಧನವನ್ನು ಬಿಟ್ಟು ಅದರ ವಾರ್ಷಿಕ ಕರಾರಿನ ಯುಕ್ತಿಯನ್ನು ಮಾತ್ರ ಉಳಿಸಿಕೊಳ್ಳುವುದು ಅಸಾಧ್ಯವಲ್ಲ. ನಮ್ಮ ಕಾಲೇಜುಗಳೂ ವಿದ್ಯಾರ್ಥಿನಿಲಯಗಳೂ ತಮ್ಮ ಪೀಠೋಪಕರಣ, ಪಾತ್ರೆ, ಹಾಸಿಗೆಗಳ ಪಾಲನೆಗೆ ಕುಶಲಿಗಳನ್ನು ವರ್ಷದ ಲೆಕ್ಕದಲ್ಲಿ, ತಕ್ಕ ಸಂಬಳಕ್ಕೆ ಗೊತ್ತುಮಾಡಿಕೊಂಡು ನೋಡಬಹುದು. ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಇನ್ನೊಂದಿದೆ. ಕೌದಿ ಹೊಲಿದ, ಕುಲುಮೆ ಊದಿದ, ತೊಗಲು ಹದಮಾಡಿದ ಹಿರಿಯರು ಈ ಮೂರು ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ. ಅವರ ಮಾತನ್ನು ಅವರ ಬಾಯಿಂದಲೇ ಕೇಳಿ ಬರೆದಿಡುವ ಭಾರವನ್ನು ಇತಿಹಾಸದ ಅಧ್ಯಾಪಕರೂ ವಿದ್ಯಾರ್ಥಿಗಳೂ ವಹಿಸಿಕೊಳ್ಳಬೇಕೆಂದು ಕೋರುತ್ತೇವೆ.